ಹಿಂದಿರುಗಿಸಿದ ಗೆಲುವು

ನಿಯಮಕ್ಕೆ ಒಪ್ಪಿದುದೆಲ್ಲವೂ ನ್ಯಾಯಕ್ಕೂ ಒಪ್ಪುವುದೇ ಎಂಬ ಪ್ರಶ್ನೆ ಬಹಳ ಹಳೆಯದು. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ, ಆಸ್ತಿ ಹಂಚಿಕೆಯ ಕಾಗದದ ಮುಂದೆ, ಸಂಸ್ಥೆಯೊಂದರ ಲೆಕ್ಕಪತ್ರದ ಮುಂದೆ ಅದು ದಿನವೂ ಹೊಸದಾಗಿ ಎದ್ದು ನಿಲ್ಲುತ್ತದೆ. ಕಾನೂನಿನ ಪುಸ್ತಕ ಕೇಳದ ಲೆಕ್ಕವನ್ನು ಅಂತಃಕರಣ ಕೇಳುತ್ತದೆ. ಆ ಲೆಕ್ಕಕ್ಕೆ ಉತ್ತರ ಕೊಡುವವರು ಮಾತ್ರ ವಿರಳ. ಅಂತಹ ಒಂದು ಉತ್ತರ 1999ರ ಫೆಬ್ರುವರಿ ತಿಂಗಳಲ್ಲಿ, ಯಾರೂ ನಿರೀಕ್ಷಿಸದ ಎಡೆಯಿಂದ, ಲಂಡನ್ ನಗರದ ಒಂದು ಫುಟ್‌ಬಾಲ್ ಮೈದಾನದಿಂದ ಬಂದಿತು. ಹಣ, ಕೀರ್ತಿ, ಪೈಪೋಟಿ ಈ ಮೂರೂ ಬೆರೆತಿರುವ ಆ ಅಂಗಳದಲ್ಲಿ, ಕೈಗೆ ಬಂದ ಗೆಲುವೊಂದನ್ನು ಗೆದ್ದವರೇ ಮರಳಿ ಕೊಡಲು ಮುಂದಾದರು. ಆ ವರ್ಷದ ಪಂದ್ಯಾವಳಿಯನ್ನು ಆದಿಯಿಂದ ಅಂತ್ಯದವರೆಗೆ ಗಮನಿಸಿದರೆ, ಆಟದ ಕಥೆಯೊಳಗೆ ನೀತಿಯ ಕಥೆಯೊಂದು ಸಾಗಿರುವುದು ಕಾಣುತ್ತದೆ.

ಇಂಗ್ಲೆಂಡಿನ ಫುಟ್‌ಬಾಲ್ ಸಂಘ ನಡೆಸುವ ಎಫ್.ಎ. ಕಪ್ ಪಂದ್ಯಾವಳಿ ಆರಂಭವಾದದ್ದು 1871ರಲ್ಲಿ. ರಾಷ್ಟ್ರಮಟ್ಟದ ಫುಟ್‌ಬಾಲ್ ಪಂದ್ಯಾವಳಿಗಳಲ್ಲಿ ಇದೇ ಅತ್ಯಂತ ಹಳೆಯದು. ಮೊದಲ ವರ್ಷ ಹೆಸರು ಕೊಟ್ಟ ತಂಡಗಳು ಕೇವಲ 15. 1872ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಕೆನಿಂಗ್ಟನ್ ಓವಲ್ ಮೈದಾನದಲ್ಲಿ ನಡೆದ ಮೊದಲ ಅಂತಿಮ ಪಂದ್ಯದಲ್ಲಿ ವಾಂಡರರ್ಸ್ ತಂಡ ರಾಯಲ್ ಎಂಜಿನಿಯರ್ಸ್ ತಂಡವನ್ನು ಒಂದು ಗೋಲಿನಿಂದ ಸೋಲಿಸಿತು. ಕಾಲಕ್ರಮದಲ್ಲಿ ನೂರಾರು ತಂಡಗಳು ಈ ಕಪ್ಪಿಗಾಗಿ ಆಡತೊಡಗಿದವು. ಸಣ್ಣ ಪಟ್ಟಣಗಳ ಹವ್ಯಾಸಿ ಆಟಗಾರರಿಂದ ಹಿಡಿದು ಲಕ್ಷಗಟ್ಟಲೆ ಪೌಂಡು ಸಂಬಳ ಪಡೆಯುವ ತಾರೆಗಳವರೆಗೆ ಎಲ್ಲರೂ ಒಂದೇ ಪಟ್ಟಿಯಲ್ಲಿ ಸೇರುವುದು ಇದರ ವೈಶಿಷ್ಟ್ಯ. ಯಾವ ತಂಡಕ್ಕೆ ಯಾವ ತಂಡ ಎದುರಾಗಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವುದರಿಂದ ಬಲಿಷ್ಠರಿಗೆ ದುರ್ಬಲರು, ದುರ್ಬಲರಿಗೆ ಬಲಿಷ್ಠರು ಎದುರಾಗುವುದು ಸಾಮಾನ್ಯ.

ಇದು ಸೋತವರು ಹೊರನಡೆಯಬೇಕಾದ ಪಂದ್ಯಾವಳಿ. ಲೀಗ್ ಪಂದ್ಯಗಳಲ್ಲಿ ಇಂದು ಸೋತವರು ಮುಂದಿನ ವಾರ ಗೆದ್ದು ನಷ್ಟವನ್ನು ತುಂಬಿಕೊಳ್ಳಬಹುದು. ಕಪ್ಪಿನಲ್ಲಿ ಆ ಅವಕಾಶವಿಲ್ಲ. ಒಂದು ತಪ್ಪು ತೀರ್ಪು, ಒಂದು ಎಡವಿದ ಹೆಜ್ಜೆ ಇಡೀ ವರ್ಷದ ಆಸೆಯನ್ನು ಅಳಿಸಿಬಿಡುತ್ತದೆ. ಆದರೂ ಈ ಕಠಿಣ ವ್ಯವಸ್ಥೆಯೊಳಗೆ ಒಂದು ಸೌಜನ್ಯವಿತ್ತು. ಪಂದ್ಯ ಸಮಬಲದಲ್ಲಿ ಮುಗಿದರೆ ಮರುಪಂದ್ಯ ನಡೆಯುತ್ತಿತ್ತು, ಮತ್ತು ಆ ಮರುಪಂದ್ಯ ಮೊದಲ ಸಲ ಅತಿಥಿಯಾಗಿ ಬಂದ ತಂಡದ ಊರಿನಲ್ಲಿ ಜರಗುತ್ತಿತ್ತು. ದೊಡ್ಡವರ ಅಂಗಳದಲ್ಲಿ ಸಮಬಲ ಸಾಧಿಸಿದ ಸಣ್ಣ ತಂಡಕ್ಕೆ ತನ್ನ ಜನರ ನಡುವೆ ಮತ್ತೊಮ್ಮೆ ಪ್ರಯತ್ನಿಸುವ ಭಾಗ್ಯ ಒದಗುತ್ತಿತ್ತು. ಮುಂದೆ ಹೇಳಲಿರುವ ಸಂಗತಿಯ ತೂಕವನ್ನು ಅರಿಯಲು ಈ ಪದ್ಧತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅವಶ್ಯ.

1998-99ರ ಋತುವಿಗೆ ಆರ್ಸೆನಲ್ ತಂಡ ಕಾಲಿಟ್ಟದ್ದು ದೊಡ್ಡ ಗೌರವದೊಂದಿಗೆ. ಹಿಂದಿನ ವರ್ಷ ಅದು ಲೀಗ್ ಪ್ರಶಸ್ತಿಯನ್ನೂ ಕಪ್ಪನ್ನೂ ಒಟ್ಟಿಗೆ ಗೆದ್ದಿತ್ತು. ತಂಡವನ್ನು ರೂಪಿಸಿದವರು 1996ರಲ್ಲಿ ಬಂದ ಫ್ರೆಂಚ್ ವ್ಯವಸ್ಥಾಪಕ ಆರ್ಸೆನ್ ವೆಂಗರ್ ಅವರು. ಮಿತಭಾಷಿ, ಕನ್ನಡಕಧಾರಿ, ನೋಡಿದವರು ಶಾಲೆಯ ಮೇಷ್ಟ್ರೆಂದು ಭಾವಿಸುವಂತಹ ನಿಲುವು ಅವರದು. ಈ ಋತುವಿನ ಮೂರನೆಯ ಸುತ್ತಿನಲ್ಲಿ ಪ್ರೆಸ್ಟನ್, ನಾಲ್ಕನೆಯ ಸುತ್ತಿನಲ್ಲಿ ವುಲ್ವರ್‌ಹ್ಯಾಂಪ್ಟನ್ ತಂಡಗಳನ್ನು ಸೋಲಿಸಿ ಆರ್ಸೆನಲ್ ಐದನೆಯ ಸುತ್ತನ್ನು ತಲುಪಿತು. ಅಲ್ಲಿ ಅದಕ್ಕೆ ಎದುರಾದದ್ದು ಉಕ್ಕಿನ ಕೈಗಾರಿಕೆಗೆ ಹೆಸರಾದ ನಗರದ ಶೆಫೀಲ್ಡ್ ಯುನೈಟೆಡ್. ಒಂದು ಮೆಟ್ಟಿಲು ಕೆಳಗಿನ ವಿಭಾಗದಲ್ಲಿ ಆಡುತ್ತಿದ್ದ ಆ ತಂಡಕ್ಕೆ ಸ್ಟೀವ್ ಬ್ರೂಸ್ ಅವರು ವ್ಯವಸ್ಥಾಪಕರು.

1999ರ ಫೆಬ್ರುವರಿ 13, ಶನಿವಾರ. ಉತ್ತರ ಲಂಡನ್ನಿನ ಹೈಬರಿ ಮೈದಾನ. ಪ್ಯಾಟ್ರಿಕ್ ವಿಯೆರಾ ಅವರ ಗೋಲಿನಿಂದ ಆರ್ಸೆನಲ್ ಮುನ್ನಡೆ ಪಡೆಯಿತು. ವಿರಾಮದ ನಂತರ ಶೆಫೀಲ್ಡಿನ ಬ್ರೆಜಿಲ್ ಆಟಗಾರ ಮಾರ್ಸೆಲೊ ಗೋಲು ಹೊಡೆದು ಸಮಬಲ ತಂದರು. ಅತಿಥಿಗಳ ಧೈರ್ಯ ಹೆಚ್ಚಿತು. ಇನ್ನು ಕಾಲು ಗಂಟೆಯಷ್ಟು ಹೊತ್ತು ಹೀಗೆಯೇ ತಡೆದು ನಿಂತರೆ ಮರುಪಂದ್ಯಕ್ಕೆ ಆರ್ಸೆನಲ್ ತಂಡವೇ ಶೆಫೀಲ್ಡಿಗೆ ಬರಬೇಕು ಎನ್ನುವಷ್ಟರ ಮಟ್ಟಿಗೆ ಪಂದ್ಯ ಸಾಗಿತ್ತು.

ಆಗ ಶೆಫೀಲ್ಡಿನ ಲೀ ಮಾರಿಸ್ ಎಂಬ ತರುಣ ನೋವಿನಿಂದ ನೆಲಕ್ಕುರುಳಿದರು. ಚೆಂಡು ತಮ್ಮ ಬಳಿಯಲ್ಲಿದ್ದ ಗೋಲ್‌ಕೀಪರ್ ಅಲನ್ ಕೆಲಿ ಅವರು, ಸಹಆಟಗಾರನಿಗೆ ಚಿಕಿತ್ಸೆ ದೊರೆಯಲೆಂದು ಚೆಂಡನ್ನು ಬೇಕೆಂದೇ ಗೆರೆಯಾಚೆ ಒದ್ದರು. ಇಂತಹ ಸಂದರ್ಭದಲ್ಲಿ ಆಟ ಪುನಃ ಶುರುವಾದಾಗ ಎದುರಾಳಿಗಳು ಚೆಂಡನ್ನು ಬಿಟ್ಟುಕೊಟ್ಟವರಿಗೇ ಮರಳಿಸುವುದು ಫುಟ್‌ಬಾಲಿನ ರೂಢಿ. ಆರ್ಸೆನಲ್‌ನ ರೇ ಪಾರ್ಲರ್ ಅವರು ಆ ರೂಢಿಯಂತೆಯೇ ಗೆರೆಯ ಬಳಿ ನಿಂತು ಚೆಂಡನ್ನು ಕೆಲಿ ಅವರಿದ್ದ ಕಡೆಗೆ ಎಸೆದರು. ಶೆಫೀಲ್ಡಿನ ಆಟಗಾರರು ಮೈ ಸಡಿಲಿಸಿ ನಿಂತಿದ್ದರು. ಅಷ್ಟರಲ್ಲಿ ಆರ್ಸೆನಲ್‌ನ ಎನ್‌ವಾಂಕ್ವೊ ಕಾನು ಅವರು ಆ ಚೆಂಡಿನ ಬೆನ್ನಟ್ಟಿ ಹೋಗಿ, ಅದನ್ನು ವಶಪಡಿಸಿಕೊಂಡು ಗೋಲಿನ ಮುಂದಕ್ಕೆ ತಳ್ಳಿದರು. ಅಲ್ಲಿಗೆ ಓಡಿ ಬಂದ ಮಾರ್ಕ್ ಓವರ್‌ಮಾರ್ಸ್ ಅವರು ಅದನ್ನು ಬಲೆಗೆ ಸೇರಿಸಿದರು. ಒಂದು ಕ್ಷಣ ಮೈದಾನವೇ ದಿಗ್ಭ್ರಮೆಗೊಂಡಿತು. ಗೋಲು ಹೌದೋ ಅಲ್ಲವೋ ಎಂದು ಎಲ್ಲರೂ ತೀರ್ಪುಗಾರರತ್ತ ನೋಡಿದರು. ತೀರ್ಪುಗಾರರು ಗೋಲು ಎಂದರು.

ತೀರ್ಪುಗಾರರು ತಪ್ಪು ಮಾಡಲಿಲ್ಲ. ಈ ಮಾತನ್ನು ಒತ್ತಿ ಹೇಳಬೇಕು. ಚೆಂಡನ್ನು ಹಿಂದಿರುಗಿಸಬೇಕೆಂದು ಆಟದ ನಿಯಮಾವಳಿಯಲ್ಲಿ ಎಲ್ಲಿಯೂ ಬರೆದಿಲ್ಲ. ಗೆರೆ ದಾಟಿದ ಚೆಂಡನ್ನು ಎಸೆಯುವ ಹಕ್ಕು ಆರ್ಸೆನಲ್ ತಂಡದ್ದು; ಎಸೆದ ಚೆಂಡನ್ನು ಅದೇ ತಂಡದ ಇನ್ನೊಬ್ಬರು ತಲುಪಿದರು; ಕೈ ಸೋಂಕಿಲ್ಲ, ಯಾರನ್ನೂ ಬೀಳಿಸಿಲ್ಲ. ಪುಸ್ತಕದ ಪ್ರಕಾರ ಗೋಲು ಸಾಧುವಾಗಿತ್ತು. ಶೆಫೀಲ್ಡಿನವರ ಬಳಿ ಇದ್ದುದು ಬರೆಯದ ಒಂದು ಮಾತಿನ ಮೇಲಿನ ನಂಬಿಕೆ ಮಾತ್ರ. ಆ ನಂಬಿಕೆಯಿಂದಲೇ ಅವರು ತಮ್ಮ ಸ್ವಾಧೀನದಲ್ಲಿದ್ದ ಚೆಂಡನ್ನು ಬಿಟ್ಟುಕೊಟ್ಟಿದ್ದರು, ಆ ನಂಬಿಕೆಯಿಂದಲೇ ಮೈಮರೆತು ನಿಂತಿದ್ದರು. ಸಮಾಜದಲ್ಲಿ ಬಹುಪಾಲು ವ್ಯವಹಾರ ನಡೆಯುವುದು ಇಂತಹ ಬರೆಯದ ಮಾತುಗಳ ಮೇಲೆಯೇ. ನೆರೆಮನೆಯವರಿಗೆ ಬೀಗದ ಕೈ ಒಪ್ಪಿಸಿ ಊರಿಗೆ ಹೋಗುವವರು ಕರಾರುಪತ್ರ ಬರೆಸಿಕೊಳ್ಳುವುದಿಲ್ಲ. ಕರಾರಿಲ್ಲದಿರುವುದರಿಂದಲೇ ಆ ನಂಬಿಕೆಯನ್ನು ಮುರಿಯುವುದು ಸುಲಭ. ಹಾಗೆ ಮುರಿದಾಗ ಆಗುವ ಗಾಯವೂ ಆಳವಾದುದು.

ಬ್ರೂಸ್ ಅವರ ಕೋಪ ಮೇರೆ ಮೀರಿತು. ಅವರು ತಮ್ಮ ಆಟಗಾರರನ್ನು ಮೈದಾನದಿಂದ ಹೊರಗೆ ಕರೆಯತೊಡಗಿದರು. ಪಂದ್ಯ ಕೆಲವು ನಿಮಿಷ ನಿಂತಿತು. ವಾಗ್ವಾದ, ಕೂಗಾಟ ನಡೆದವು. ಕೊನೆಗೆ ಶೆಫೀಲ್ಡಿನವರು ಆಟ ಮುಂದುವರಿಸಿದರಾದರೂ ಅವರ ಮನಸ್ಸು ಒಡೆದಿತ್ತು. ಆರ್ಸೆನಲ್ 2-1ರಿಂದ ಗೆದ್ದಿತು. ದಾಖಲೆಯ ಪುಸ್ತಕಕ್ಕೆ ಇಷ್ಟೇ ಸಾಕಾಗಿತ್ತು.

ಈ ಘಟನೆಯ ಕೇಂದ್ರದಲ್ಲಿದ್ದ ಕಾನು ಅವರನ್ನು ಖಳನಾಯಕರೆಂದು ಕಾಣುವುದು ಸುಲಭ, ಸರಿಯಲ್ಲ. ನೈಜೀರಿಯಾದ ಈ ಎತ್ತರದ ಯುವಕ ಆರ್ಸೆನಲ್ ಪರ ಮೈದಾನಕ್ಕಿಳಿದದ್ದು ಅಂದೇ ಮೊದಲು, ಅದೂ ಬದಲಿ ಆಟಗಾರನಾಗಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ತಮ್ಮ ದೇಶಕ್ಕೆ ಚಿನ್ನದ ಪದಕ ತಂದ ತಂಡದ ನಾಯಕರು ಅವರು. ಅದೇ ವರ್ಷ ಇಟಲಿಯ ಇಂಟರ್ ಮಿಲಾನ್ ತಂಡವನ್ನು ಸೇರಿದಾಗ ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ ಹೃದಯದ ಕವಾಟದ ದೋಷ ಪತ್ತೆಯಾಯಿತು. ಇನ್ನು ಆಡುವುದು ಹಾಗಿರಲಿ, ಬದುಕುವುದೇ ಸಂದೇಹವೆಂಬ ದಿನಗಳನ್ನು ಕಂಡು, ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮತ್ತೆ ಮೈದಾನಕ್ಕೆ ಮರಳಿದ್ದರು. ಹೊಸ ತಂಡ, ಹೊಸ ದೇಶ, ಮೊದಲ ದಿನ. ತನ್ನ ಯೋಗ್ಯತೆಯನ್ನು ತೋರಿಸಬೇಕೆಂಬ ಆತುರ ಅಂತಹ ಮನುಷ್ಯನಲ್ಲಿ ಎಷ್ಟಿರಬಹುದೆಂಬುದನ್ನು ಊಹಿಸಬಹುದು. ಚೆಂಡು ಗೆರೆಯಾಚೆ ಹೋದ ಕಾರಣ ಅವರ ಗಮನಕ್ಕೆ ಬಂದಿರಲಿಲ್ಲ ಎಂಬುದೇ ಅವರ ಕಡೆಯ ವಿವರಣೆಯಾಗಿತ್ತು. ಓವರ್‌ಮಾರ್ಸ್ ಮತ್ತು ಕಾನು ಹಿಂದೆ ಹಾಲೆಂಡಿನ ಅಯಾಕ್ಸ್ ತಂಡದಲ್ಲಿ ಜೊತೆಗಾರರು. ಒಬ್ಬರು ಚೆಂಡು ತಳ್ಳಿದರೆ ಇನ್ನೊಬ್ಬರು ಒದೆಯುವುದು ಅವರಿಗೆ ಉಸಿರಾಟದಷ್ಟು ಸಹಜವಾಗಿತ್ತು.

ಇಲ್ಲಿ ತಪ್ಪಿನ ಮೂರು ಮೆಟ್ಟಿಲುಗಳನ್ನು ಗುರುತಿಸಬಹುದು. ಅರಿಯದೆ ಮಾಡಿದ ತಪ್ಪು ಒಂದು. ಅರಿತಿದ್ದರೂ ಅಭ್ಯಾಸದ ರಭಸದಲ್ಲಿ, ಯೋಚನೆಗೆ ಎಡೆಯಿಲ್ಲದೆ ನಡೆದುಹೋಗುವ ಪ್ರಮಾದ ಇನ್ನೊಂದು. ಇವೆರಡನ್ನೂ ಕ್ಷಮಿಸಬಹುದು, ಕ್ಷಣವೊಂದರಲ್ಲಿ ಮುಗಿದುಹೋಗುವ ಸಂಗತಿಗಳು ಇವು. ಮೂರನೆಯದು ಹಾಗಲ್ಲ. ನಡೆದದ್ದು ತಪ್ಪೆಂದು ತಿಳಿದ ಮೇಲೂ, ಯೋಚಿಸಲು ಬೇಕಾದಷ್ಟು ಸಮಯವಿದ್ದರೂ, ಅದರ ಫಲವನ್ನು ಇಟ್ಟುಕೊಂಡು ಸುಮ್ಮನಿರುವುದು ಮೂರನೆಯ ತಪ್ಪು. ಪಂದ್ಯ ಮುಗಿದ ಸೀಟಿ ಊದಿದ ಮೇಲೆ ಕಾನು, ಓವರ್‌ಮಾರ್ಸ್ ಇಬ್ಬರ ಪಾಲೂ ಮುಗಿದಿತ್ತು. ಆಗ ಹೊಣೆ ಬಂದು ನಿಂತದ್ದು ವೆಂಗರ್ ಅವರ ಹೆಗಲ ಮೇಲೆ.

ಅವರ ಮುಂದೆ ಸುಲಭದ ದಾರಿಗಳು ಹಲವಿದ್ದವು. ತೀರ್ಪು ನೀಡುವುದು ತೀರ್ಪುಗಾರರ ಕೆಲಸ ಎನ್ನಬಹುದಿತ್ತು. ಹುಡುಗನಿಗೆ ತಿಳಿಯಲಿಲ್ಲ, ವಿಷಾದವಿದೆ ಎಂದು ಹೇಳಿ ಮುಂದಿನ ಸುತ್ತಿಗೆ ಸಿದ್ಧರಾಗಬಹುದಿತ್ತು. ವಿಷಾದ ಸೂಚಿಸುವುದಕ್ಕೆ ಖರ್ಚೇನೂ ಇಲ್ಲ. ವೆಂಗರ್ ಅವರು ವಿಷಾದದಲ್ಲಿ ನಿಲ್ಲಲಿಲ್ಲ. ಈ ಗೆಲುವು ಸರಿಯಾದ ಗೆಲುವಲ್ಲ, ಪಂದ್ಯವನ್ನು ಮೊದಲಿನಿಂದ ಪುನಃ ಆಡಲು ತಮ್ಮ ತಂಡ ಸಿದ್ಧವೆಂದು ಅಂದೇ ತಿಳಿಸಿದರು. ಕ್ಲಬ್ಬಿನ ಆಡಳಿತ ಅವರ ಬೆನ್ನಿಗೆ ನಿಂತಿತು. ಫುಟ್‌ಬಾಲ್ ಸಂಘ ಒಪ್ಪಿಗೆ ಕೊಟ್ಟಿತು. ಮುಗಿದ ಪಂದ್ಯವೊಂದರ ಫಲಿತಾಂಶವನ್ನು, ಯಾವ ನಿಯಮವೂ ಮುರಿಯದಿದ್ದಾಗ, ಗೆದ್ದವರ ಕೋರಿಕೆಯ ಮೇರೆಗೆ ರದ್ದುಗೊಳಿಸಿದ್ದು ಆ ದೀರ್ಘ ಇತಿಹಾಸದಲ್ಲಿ ಅಸಾಧಾರಣ ಸಂಗತಿಯಾಗಿತ್ತು.

ಇಂತಹ ಔದಾರ್ಯಕ್ಕೆ ಆಕ್ಷೇಪಗಳು ಏಳುವುದು ಸಹಜ, ಮತ್ತು ಅವುಗಳನ್ನು ಬದಿಗೆ ಸರಿಸುವುದು ಪ್ರಾಮಾಣಿಕತೆಯಾಗದು. ಒಂದು ಪಂದ್ಯವನ್ನು ಹೀಗೆ ಮತ್ತೆ ಆಡಿಸಿದರೆ ನಾಳೆ ಪ್ರತಿಯೊಬ್ಬ ಸೋತವನೂ ಮರುಪಂದ್ಯ ಕೇಳಲಾರನೇ ಎಂಬುದು ಮೊದಲನೆಯದು. ಇದಕ್ಕೆ ಉತ್ತರ ಕಷ್ಟವಲ್ಲ. ಸೋತವರು ಕೇಳಿ ಪಡೆಯುವುದು ಬೇರೆ, ಗೆದ್ದವರು ತಾವಾಗಿ ಕೊಡುವುದು ಬೇರೆ. ಹಕ್ಕಾಗಿ ಬೇಡಿದರೆ ವ್ಯವಸ್ಥೆ ಅಲುಗಾಡಬಹುದು. ಕರ್ತವ್ಯವಾಗಿ ಕೊಟ್ಟರೆ ವ್ಯವಸ್ಥೆಯ ಮೇಲಿನ ವಿಶ್ವಾಸ ಹೆಚ್ಚುತ್ತದೆ. ತಮ್ಮ ಗೆಲುವನ್ನು ಬಿಟ್ಟುಕೊಡಲು ಮುಂದೆ ಬರುವವರ ಸಾಲು ಎಂದೂ ಉದ್ದವಾಗಿರದು. ಆದುದರಿಂದ ಆ ಭಯ ಅನಾವಶ್ಯಕ.

ಎರಡನೆಯ ಆಕ್ಷೇಪ ಇನ್ನೂ ಹರಿತವಾದುದು. ಬಲಿಷ್ಠ ತಂಡಕ್ಕೆ ತಾನು ಪುನಃ ಗೆಲ್ಲುವೆನೆಂಬ ಭರವಸೆ ಇದ್ದೇ ಇರುತ್ತದೆ. ಉಳ್ಳವರು ಕೊಡುವ ದಾನಕ್ಕೆ ಎಷ್ಟು ಬೆಲೆ? ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಕಪ್ ಪಂದ್ಯಾವಳಿಯ ಇತಿಹಾಸವೆಂದರೆ ಬಲಿಷ್ಠರು ಅನಿರೀಕ್ಷಿತವಾಗಿ ಸೋತ ಇತಿಹಾಸ. ಅದೇ ಶೆಫೀಲ್ಡ್ ತಂಡ ಅದೇ ಮೈದಾನದಲ್ಲಿ ಮುಕ್ಕಾಲು ಗಂಟೆಗೂ ಮಿಕ್ಕಿ ಸರಿಸಮನಾಗಿ ನಿಂತಿತ್ತು. ಮತ್ತೊಮ್ಮೆ ಆಡುವುದೆಂದರೆ ಮತ್ತೊಮ್ಮೆ ಸೋಲಿನ ಸಾಧ್ಯತೆಗೆ ಎದೆಯೊಡ್ಡುವುದು. ಹಿಂದಿರುಗಿಸಿದ ವಸ್ತುವಿನ ನಿಜವಾದ ಬೆಲೆ ಇರುವುದು ಅಲ್ಲಿಯೇ. ಆರ್ಸೆನಲ್ ಕೊಟ್ಟದ್ದು ಒಂದು ಗೋಲನ್ನಲ್ಲ, ತನ್ನ ನಿಶ್ಚಿಂತೆಯನ್ನು.

ಮೂರನೆಯ ಆಕ್ಷೇಪಕ್ಕೆ ಮಾತ್ರ ಪೂರ್ಣ ಉತ್ತರವಿಲ್ಲ. ಆ ಗೋಲು ಆಗದೆ ಪಂದ್ಯ 1-1ರಲ್ಲಿ ಮುಗಿದಿದ್ದರೆ ಮರುಪಂದ್ಯ ನಡೆಯಬೇಕಾದದ್ದು ಶೆಫೀಲ್ಡಿನ ಬ್ರಾಮಲ್ ಲೇನ್ ಮೈದಾನದಲ್ಲಿ. ಪಂದ್ಯವನ್ನೇ ರದ್ದುಮಾಡಿ ಮೊದಲಿನಿಂದ ಆಡಿದ್ದರಿಂದ ಅದು ಪುನಃ ಹೈಬರಿಯಲ್ಲಿಯೇ ಜರಗಿತು. ಮಾರ್ಸೆಲೊ ಅವರ ಗೋಲು ಲೆಕ್ಕದಿಂದ ಅಳಿಸಿಹೋಯಿತು. ಸ್ವಂತ ಊರಿನ ಜನರೆದುರು ಆಡುವ ಅವಕಾಶ ಕೈತಪ್ಪಿತು. ಹೀಗೆ, ಎಷ್ಟು ಸದುದ್ದೇಶದಿಂದ ಹಿಂದಿರುಗಿಸಿದರೂ ಮುರಿದದ್ದು ಮೊದಲಿನಂತೆಯೇ ಕೂಡಿಕೊಳ್ಳಲಿಲ್ಲ. ಇದನ್ನು ವೆಂಗರ್ ಅವರ ದೋಷವೆನ್ನುವುದಕ್ಕಿಂತ ಪರಿಹಾರವೆಂಬುದರ ಸ್ವಭಾವವೆನ್ನುವುದು ಮೇಲು. ಮಾಡಿದ ಗಾಯವನ್ನು ವಾಸಿಮಾಡಬಹುದು. ಗಾಯವೇ ಆಗಿರಲಿಲ್ಲವೆಂಬಂತೆ ಮಾಡಲಾಗದು. ಆದರೂ ಪೂರ್ತಿ ಸರಿಪಡಿಸಲಾಗದೆಂಬ ಕಾರಣಕ್ಕೆ ಸ್ವಲ್ಪವೂ ಸರಿಪಡಿಸದೆ ಕೂರುವವರೇ ಲೋಕದಲ್ಲಿ ಹೆಚ್ಚು.

ಫೆಬ್ರುವರಿ 23ರಂದು ಎರಡೂ ತಂಡಗಳು ಮತ್ತೆ ಮುಖಾಮುಖಿಯಾದವು. ಈ ಸಲ ಓವರ್‌ಮಾರ್ಸ್ ಅವರೇ ಮೊದಲ ಗೋಲು ಹೊಡೆದರು. ಡೆನಿಸ್ ಬರ್ಗ್‌ಕ್ಯಾಂಪ್ ಎರಡನೆಯದನ್ನು ಸೇರಿಸಿದರು. ಕೊನೆಯ ನಿಮಿಷಗಳಲ್ಲಿ ಶೆಫೀಲ್ಡಿಗೆ ಒಂದು ಗೋಲು ಬಂತು. ಅದನ್ನು ಹೊಡೆದವರು, ಹತ್ತು ದಿನಗಳ ಹಿಂದೆ ನೋವಿನಿಂದ ಬಿದ್ದಿದ್ದ ಲೀ ಮಾರಿಸ್. ಫಲಿತಾಂಶ ಮತ್ತೆ 2-1. ಅಂಕಿಗಳಲ್ಲಿ ಒಂದು ಎಳ್ಳಿನಷ್ಟೂ ವ್ಯತ್ಯಾಸವಾಗಲಿಲ್ಲ. ಹಾಗಾದರೆ ಇಷ್ಟೆಲ್ಲ ಏತಕ್ಕಾಗಿ ಎಂದು ಕೇಳುವವರಿರಬಹುದು. ಮೊದಲ 2-1ರಲ್ಲಿ ಸೋತವರು ವಂಚಿತರಾಗಿ ಮನೆಗೆ ಹೋಗಿದ್ದರು; ಎರಡನೆಯ 2-1ರಲ್ಲಿ ಸೋತವರು ಕೇವಲ ಸೋತವರಾಗಿ ಹೋದರು. ಗೆದ್ದವರೂ ಅಷ್ಟೇ. ಒಂದೇ ಅಂಕಿಯನ್ನು ತಲೆಯೆತ್ತಿ ಹೇಳುವುದಕ್ಕೂ ತಲೆತಗ್ಗಿಸಿ ಹೇಳುವುದಕ್ಕೂ ಇರುವ ಅಂತರ ಯಾವ ಪಟ್ಟಿಯಲ್ಲಿಯೂ ದಾಖಲಾಗುವುದಿಲ್ಲ.

ಮಾರ್ಚ್ 6ರಂದು ಮುಂದಿನ ಸುತ್ತು. ಎದುರಾಳಿ ಡರ್ಬಿ ಕೌಂಟಿ. ಗೋಲಿಲ್ಲದೆಯೇ ಪಂದ್ಯ ಮುಗಿಯಿತೆನ್ನುವ ಹೊತ್ತಿಗೆ, ಬದಲಿ ಆಟಗಾರನಾಗಿ ಬಂದ ಕಾನು ಗೋಲು ಹೊಡೆದು ತಂಡವನ್ನು ಗೆಲ್ಲಿಸಿದರು. ಮೂರು ವಾರಗಳ ಹಿಂದೆ ಅದೇ ಮೈದಾನದಲ್ಲಿ ಮುಜುಗರಕ್ಕೊಳಗಾಗಿದ್ದ ಮನುಷ್ಯನಿಗೆ ಈ ಗೋಲು ಎಂತಹ ನೆಮ್ಮದಿ ತಂದಿರಬಹುದು! ಮರುಪಂದ್ಯ ನಡೆಯದೆ ಹೋಗಿದ್ದರೆ ಅವರ ಮೊದಲ ದಿನದ ಕಳಂಕ ಹಾಗೆಯೇ ಉಳಿಯುತ್ತಿತ್ತು. ವೆಂಗರ್ ಅವರ ನಿರ್ಧಾರ ಎದುರಾಳಿಗಳಿಗೆ ನ್ಯಾಯ ನೀಡಿದಂತೆಯೇ ತಮ್ಮ ಹುಡುಗನನ್ನೂ ಕಾಪಾಡಿತು. ಹಿರಿಯರು ಕಿರಿಯರ ತಪ್ಪನ್ನು ಮುಚ್ಚಿಟ್ಟು ಕಾಪಾಡುವುದುಂಟು. ತಪ್ಪಿನ ಫಲವನ್ನು ಬಿಟ್ಟುಕೊಟ್ಟು ಕಾಪಾಡುವುದು ಅದಕ್ಕಿಂತ ಮೇಲಾದ ವಾತ್ಸಲ್ಯ.

ಏಪ್ರಿಲ್ 11ರಂದು ಬರ್ಮಿಂಗ್‌ಹ್ಯಾಮಿನ ವಿಲಾ ಪಾರ್ಕ್ ಮೈದಾನದಲ್ಲಿ ಉಪಾಂತ್ಯ ಪಂದ್ಯ. ಎದುರಾಳಿ ಮ್ಯಾಂಚೆಸ್ಟರ್ ಯುನೈಟೆಡ್. ಹೆಚ್ಚುವರಿ ಸಮಯ ಆಡಿದರೂ ಗೋಲು ಬಾರದೆ ಏಪ್ರಿಲ್ 14ರಂದು ಅಲ್ಲಿಯೇ ಮರುಪಂದ್ಯ ನಡೆಯಿತು. ಡೇವಿಡ್ ಬೆಕಮ್ ಅವರ ಗೋಲಿಗೆ ಬರ್ಗ್‌ಕ್ಯಾಂಪ್ ಉತ್ತರ ಕೊಟ್ಟರು. ಮ್ಯಾಂಚೆಸ್ಟರ್ ನಾಯಕ ರಾಯ್ ಕೀನ್ ಹೊರಹಾಕಲ್ಪಟ್ಟರು. ನಿಗದಿತ ಸಮಯ ಮುಗಿಯುತ್ತಿರುವಾಗ ಆರ್ಸೆನಲ್‌ಗೆ ಪೆನಾಲ್ಟಿ ದೊರೆಯಿತು. ಬೀಳಿಸಲ್ಪಟ್ಟವರು, ಅಂದು ಚೆಂಡನ್ನು ಕೆಲಿ ಅವರತ್ತ ಎಸೆದಿದ್ದ ರೇ ಪಾರ್ಲರ್. ಪುಣ್ಯಕ್ಕೆ ತಕ್ಷಣ ಫಲ ದೊರೆಯುವ ಕಥೆಯಾಗಿದ್ದರೆ ಅದು ಅಲ್ಲಿಗೆ ಮುಗಿಯಬೇಕಿತ್ತು. ಬರ್ಗ್‌ಕ್ಯಾಂಪ್ ಒದ್ದ ಚೆಂಡನ್ನು ಗೋಲ್‌ಕೀಪರ್ ಪೀಟರ್ ಷ್ಮೈಕಲ್ ತಡೆದರು. ಹೆಚ್ಚುವರಿ ಸಮಯದಲ್ಲಿ ವಿಯೆರಾ ಅವರು ಗುರಿತಪ್ಪಿ ತಳ್ಳಿದ ಚೆಂಡನ್ನು ಮೈದಾನದ ನಡುವೆ ಪಡೆದ ರಯಾನ್ ಗಿಗ್ಸ್ ಒಬ್ಬರನ್ನಾದ ಮೇಲೆ ಒಬ್ಬರನ್ನು ದಾಟಿ ಗೋಲು ಹೊಡೆದರು. ಆರ್ಸೆನಲ್ ಹೊರಬಿದ್ದಿತು.

ಗಿಗ್ಸ್ ಅವರ ಗೋಲನ್ನು ಕಾನು ಅವರ ಘಟನೆಯೊಂದಿಗೆ ಹೋಲಿಸಿ ನೋಡುವುದು ಉಪಯುಕ್ತ. ಹೊರನೋಟಕ್ಕೆ ಎರಡೂ ಒಂದೇ. ಬೇರೆಯವರಿಗೆಂದು ಹೊರಟ ಚೆಂಡನ್ನು ಮಧ್ಯದಲ್ಲಿ ವಶಪಡಿಸಿಕೊಂಡು ಗೋಲು ಮಾಡಿದ್ದು. ಒಂದನ್ನು ಜಗತ್ತು ಕೌಶಲವೆಂದು ಕೊಂಡಾಡಿತು, ಇನ್ನೊಂದನ್ನು ಅನ್ಯಾಯವೆಂದಿತು. ಎರಡು ತೀರ್ಪುಗಳೂ ಸರಿಯೇ. ಗಿಗ್ಸ್ ಪಡೆದ ಚೆಂಡು ಪೈಪೋಟಿಯ ಚೆಂಡು. ಎಚ್ಚರ ತಪ್ಪಿದರೆ ಕಳೆದುಕೊಳ್ಳುವೆನೆಂದು ವಿಯೆರಾ ಅವರಿಗೆ ತಿಳಿದಿತ್ತು. ಕೆಲಿ ಅವರಿಗೆ ಸೇರಬೇಕಾಗಿದ್ದ ಚೆಂಡು ನಂಬಿಕೆಯ ಚೆಂಡು. ಎಚ್ಚರದ ಅಗತ್ಯವಿಲ್ಲವೆಂದು ಒಪ್ಪಿಕೊಂಡು ಬಿಟ್ಟುಕೊಟ್ಟದ್ದು. ಕ್ರಿಯೆಯ ಆಕಾರ ಒಂದೇ ಆಗಿದ್ದರೂ ಅದು ನಡೆದ ನೆಲೆಯಿಂದ ಅದರ ಗುಣ ಬದಲಾಗುತ್ತದೆ. ವ್ಯಾಪಾರದಲ್ಲಿ ಚತುರತೆಯಿಂದ ಲಾಭ ಗಳಿಸುವುದಕ್ಕೂ, ತಮ್ಮನ್ನು ನಂಬಿ ಲೆಕ್ಕ ನೋಡದೆ ಸಹಿ ಹಾಕಿದವರಿಂದ ಲಾಭ ಗಳಿಸುವುದಕ್ಕೂ ಇರುವ ವ್ಯತ್ಯಾಸ ಇದೇ. ಹಣದ ಮೊತ್ತ ಒಂದೇ ಇರಬಹುದು. ಅದು ಮನೆಗೆ ಬಂದ ದಾರಿ ಬೇರೆ.

ಮೇ 22ರಂದು ವೆಂಬ್ಲಿಯಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ 2-0ರಿಂದ ನ್ಯೂಕ್ಯಾಸಲ್ ತಂಡವನ್ನು ಸೋಲಿಸಿ ಕಪ್ಪನ್ನು ಪಡೆಯಿತು. ಲೀಗ್ ಪ್ರಶಸ್ತಿಯೂ ಅದರದೇ ಆಯಿತು. ಆರ್ಸೆನಲ್ ಹಿಂದೆ ಬಿದ್ದದ್ದು ಒಂದೇ ಒಂದು ಅಂಕದಿಂದ. ಹೀಗೆ, ಗೆಲುವನ್ನು ಹಿಂದಿರುಗಿಸಿದ ತಂಡಕ್ಕೆ ಆ ವರ್ಷ ಕಪ್ಪೂ ದೊರೆಯಲಿಲ್ಲ, ಲೀಗೂ ದೊರೆಯಲಿಲ್ಲ. ಒಳ್ಳೆಯತನಕ್ಕೆ ಪ್ರತಿಫಲ ಖಂಡಿತವೆಂದು ಮಕ್ಕಳಿಗೆ ಕಥೆ ಹೇಳುವವರಿಗೆ ಈ ಋತು ಸ್ವಲ್ಪ ತೊಡಕಿನದು. ಆದರೆ ಪ್ರತಿಫಲ ಖಚಿತವಾಗಿದ್ದರೆ ಒಳ್ಳೆಯತನವೂ ಒಂದು ಬಗೆಯ ಹೂಡಿಕೆಯಾಗಿಬಿಡುತ್ತದೆ. ಫಲವಿಲ್ಲದಿದ್ದರೂ ಮಾಡತಕ್ಕದ್ದೆಂದು ತೋರಿದ್ದರಿಂದಲೇ ಆ ಫೆಬ್ರುವರಿಯ ನಿರ್ಧಾರಕ್ಕೆ ಬೆಲೆ.

ಇಪ್ಪತ್ತು ವರ್ಷಗಳ ನಂತರ, 2019ರ ಏಪ್ರಿಲ್‌ನಲ್ಲಿ, ಇಂಗ್ಲೆಂಡಿನ ಲೀಗ್ ಪಂದ್ಯವೊಂದರಲ್ಲಿ ಇದನ್ನು ಹೋಲುವ ಸಂಗತಿ ಜರಗಿತು. ಆಸ್ಟನ್ ವಿಲಾ ತಂಡದ ಆಟಗಾರನೊಬ್ಬ ನೆಲದ ಮೇಲಿರುವಾಗ ಲೀಡ್ಸ್ ಯುನೈಟೆಡ್ ಗೋಲು ಹೊಡೆಯಿತು. ಲೀಡ್ಸ್‌ನ ತರಬೇತುದಾರ ಮಾರ್ಸೆಲೊ ಬಿಯೆಲ್ಸಾ ಅವರು, ಎದುರಾಳಿಗಳನ್ನು ತಡೆಯದೆ ಒಂದು ಗೋಲು ಹೊಡೆಯಲು ಬಿಡುವಂತೆ ತಮ್ಮವರಿಗೆ ಅಲ್ಲಿಯೇ ಆಜ್ಞಾಪಿಸಿದರು. ಪಂದ್ಯ 1-1ರಲ್ಲಿ ಮುಗಿಯಿತು. ಸಾಲವನ್ನು ಆ ಕ್ಷಣದಲ್ಲಿಯೇ ತೀರಿಸುವ ಈ ಮಾರ್ಗ ಮರುಪಂದ್ಯಕ್ಕಿಂತ ಇನ್ನೂ ನೇರವಾದುದು. ಹೈಬರಿಯಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ವಿವೇಕ ಕೆಲವರಿಗೆ ಆ ಕ್ಷಣದಲ್ಲಿ, ಕೆಲವರಿಗೆ ಒಂದು ಗಂಟೆಯ ನಂತರ, ಕೆಲವರಿಗೆ ವರ್ಷಗಳ ನಂತರ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡ ಮೇಲೆ ಏನು ಮಾಡಿದರೆಂಬುದೇ ಮುಖ್ಯ.

ಕಾನು ಅವರು 2000ದಲ್ಲಿ ತಮ್ಮ ಹೆಸರಿನ ಹೃದಯ ಪ್ರತಿಷ್ಠಾನವನ್ನು ಸ್ಥಾಪಿಸಿ, ಹೃದಯದ ದೋಷವುಳ್ಳ ಆಫ್ರಿಕಾದ ಬಡ ಮಕ್ಕಳ ಚಿಕಿತ್ಸೆಗೆ ನೆರವಾಗತೊಡಗಿದರು. ತಮಗೆ ಮರಳಿ ದೊರೆತ ಬದುಕಿನಲ್ಲಿ ಒಂದು ಪಾಲನ್ನು ಇತರರಿಗೆ ಹಂಚಿದ ಆ ಮನುಷ್ಯನನ್ನು ಒಂದು ಮಧ್ಯಾಹ್ನದ ಪ್ರಮಾದದಿಂದ ಅಳೆಯುವುದು ಎಷ್ಟು ಅನುಚಿತವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಹೈಬರಿ ಮೈದಾನದಲ್ಲಿ 2006ರ ನಂತರ ಪಂದ್ಯಗಳಿಲ್ಲ. ಆ ಜಾಗದಲ್ಲಿ ವಸತಿಗೃಹಗಳು ಎದ್ದಿವೆ. 1999ರ ಬಳಿಕ ಉಪಾಂತ್ಯಕ್ಕೆ ಮರುಪಂದ್ಯವೆಂಬುದು ಇಲ್ಲವಾಯಿತು. 2024-25ರ ಋತುವಿನಿಂದ ಪಂದ್ಯಾವಳಿಯ ಮುಖ್ಯ ಸುತ್ತುಗಳಲ್ಲೆಲ್ಲ ಮರುಪಂದ್ಯವನ್ನು ಕೈಬಿಡಲಾಗಿದೆ. ಎರಡನೆಯ ಅವಕಾಶ ಕೊಡುವ ಕೆಲಸವನ್ನು ನಿಯಮಾವಳಿ ಈಗ ಮಾಡುವುದಿಲ್ಲ. ಆದರೆ 1999ರ ಫೆಬ್ರುವರಿಯಲ್ಲಿಯೂ ಅದನ್ನು ಮಾಡಿದ್ದು ನಿಯಮಾವಳಿಯಲ್ಲ. ಪುಸ್ತಕ ಗೆಲುವನ್ನು ಕೊಟ್ಟಾಗಿತ್ತು, ತೀರ್ಪುಗಾರರು ಒಪ್ಪಿದ್ದಾಗಿತ್ತು, ಪ್ರೇಕ್ಷಕರು ಮನೆಗೆ ಹೊರಟಿದ್ದರು. ತನ್ನದಲ್ಲದ್ದು ತನ್ನ ಮನೆಯಲ್ಲಿದೆಯೆಂದು ಒಬ್ಬ ಮನುಷ್ಯನಿಗೆ ಅನ್ನಿಸಿತು, ಮತ್ತು ಆತ ಅದನ್ನು ಮರುದಿನಕ್ಕೆ ಮುಂದೂಡದೆ ಅಂದೇ ಬಾಗಿಲು ತೆರೆದು ಹೊರಗಿಟ್ಟ. ಮನೆಮನೆಗಳಲ್ಲಿ, ಸಂಸ್ಥೆಗಳಲ್ಲಿ, ಲೆಕ್ಕದ ಪುಸ್ತಕಗಳ ನಡುವೆ ಅಂತಹ ಬಾಗಿಲುಗಳು ಇನ್ನೂ ಎಷ್ಟಿವೆಯೋ!